ತಿದ್ದದೆ ಉಳಿದ ಪ್ರತಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಡನೆ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ವಿಮಾನದ ಬಿಡಿಭಾಗಗಳ ವಿನ್ಯಾಸ ಮಾಡುವ ಕಚೇರಿಯೊಂದರಲ್ಲಿ ಅವನಿಗೆ ಕೆಲಸ. ಕಾಫಿ ಕುಡಿಯುತ್ತ ಕುಳಿತಾಗ, "ಸಾರ್, ಒಂಬತ್ತನೇ ತರಗತಿಯ ಆ ಗಣಿತ ಪರೀಕ್ಷೆ ನೆನಪಿದೆಯೇ?" ಎಂದು ಕೇಳಿ ನಕ್ಕ. ನನಗೆ ನಗು ಬರಲಿಲ್ಲ.

ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಬರೆಯುವ ಹೊಣೆ ನನ್ನದಾಗಿತ್ತು. ಕೈಬರಹದಲ್ಲಿ ಮೂರು ಪ್ರತಿ: ಒಂದು ಸೂಚನಾಫಲಕಕ್ಕೆ, ಒಂದು ಅಧ್ಯಾಪಕರ ಕೊಠಡಿಗೆ, ಮತ್ತೊಂದು ರಸ್ತೆಯಾಚೆಯ ಹಳೆಯ ಕಟ್ಟಡದಲ್ಲಿ ನಡೆಯುತ್ತಿದ್ದ 'ಬಿ' ವಿಭಾಗಕ್ಕೆ. ಬುಧವಾರ ಊರ ಜಾತ್ರೆಯೆಂದು ಗಣಿತವನ್ನು ಸೋಮವಾರಕ್ಕೂ ಸಮಾಜವನ್ನು ಗುರುವಾರಕ್ಕೂ ಬದಲಾಯಿಸಬೇಕಾಯಿತು. ಎರಡು ಪ್ರತಿಗಳನ್ನು ತಿದ್ದಿದೆ. ಮೂರನೆಯದನ್ನು ತಿದ್ದಲು ಹೊರಡುವಷ್ಟರಲ್ಲಿ ಗಂಟೆ ಬಾರಿಸಿತು, ತರಗತಿಗೆ ಹೋದೆ, ಮರೆತೆ. ಸೋಮವಾರ ನಲವತ್ತಕ್ಕೂ ಹೆಚ್ಚು ಮಕ್ಕಳು ಸಮಾಜ ಓದಿಕೊಂಡು ಬಂದು ಗಣಿತದ ಪ್ರಶ್ನೆಪತ್ರಿಕೆಯ ಮುಂದೆ ಕುಳಿತರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೆಸರು ಮಾತ್ರ ಬರೆದ ಖಾಲಿ ಹಾಳೆಯನ್ನು ನನ್ನ ಕೈಗೆ ಕೊಟ್ಟು ಅಳುತ್ತ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮರುಪರೀಕ್ಷೆ ನಡೆಯಿತೆನ್ನಿ. ಆದರೆ ಆ ಮಕ್ಕಳು ನೋಡಿದ ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಅದು ಹಿಂದಿನ ಶುಕ್ರವಾರದವರೆಗೆ ಅಕ್ಷರಶಃ ಸರಿಯಾಗಿದ್ದ ಪಟ್ಟಿ.

"ನಮ್ಮ ಕಚೇರಿಯಲ್ಲಿ ದಿನಬೆಳಗಾದರೆ ಇದೇ ಪಾಡು ಸಾರ್" ಎಂದ ಶಿಷ್ಯ. "ನಕ್ಷೆ ತಪ್ಪಾಗುವುದು ಅಪರೂಪ. ನನ್ನ ಹತ್ತಿರ ಇರುವುದೂ ಸರಿ, ಜರ್ಮನಿಯವರ ಹತ್ತಿರ ಇರುವುದೂ ಸರಿ. ಒಂದು ಮೊನ್ನೆಯದು, ಒಂದು ಇವತ್ತಿನದು, ಅಷ್ಟೇ."

ಅವನು ಹೋದ ಮೇಲೆ ಈ ಮಾತು ನನ್ನನ್ನು ಬಿಡಲಿಲ್ಲ. ಇತಿಹಾಸದ ಮೇಷ್ಟ್ರಿಗೆ ಯಾವ ಮಾತು ಕೇಳಿದರೂ ಹಳೆಯದೊಂದು ಪ್ರಸಂಗ ನೆನಪಾಗುವುದು ಜಾಡ್ಯ. ನನಗೆ ನೆನಪಾದದ್ದು ಕ್ವಿಬೆಕ್ ಸೇತುವೆ.

ಕೆನಡಾದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿ ಆಳವಾಗಿಯೂ ರಭಸವಾಗಿಯೂ ಹರಿಯುತ್ತದೆ. ಚಳಿಗಾಲದಲ್ಲಿ ಹಿಮಗಡ್ಡೆಗಳು ಅದರ ಮೈತುಂಬ. ಇದಕ್ಕೊಂದು ರೈಲು ಸೇತುವೆ ಬೇಕೆಂದು 1887ರಲ್ಲಿಯೇ ಕಂಪನಿಯೊಂದು ಸ್ಥಾಪನೆಯಾಗಿತ್ತು. ಹಣವೊದಗದೆ ಕೆಲಸ ಕುಂಟುತ್ತ ಸಾಗಿ, ಶತಮಾನ ತಿರುಗುವ ಹೊತ್ತಿಗೆ ಮೂರು ಊರುಗಳ ಮೂರು ಪಂಗಡಗಳು ಇದರಲ್ಲಿ ಕೂಡಿಕೊಂಡವು. ನದಿಯ ದಡದಲ್ಲಿ ಕ್ವಿಬೆಕ್ ಸೇತುವೆ ಕಂಪನಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫೀನಿಕ್ಸ್‌ವಿಲ್ ಎಂಬಲ್ಲಿ, ನಕ್ಷೆ ಬರೆದು ಉಕ್ಕಿನ ಭಾಗಗಳನ್ನು ತಯಾರಿಸುವ ಫೀನಿಕ್ಸ್ ಸೇತುವೆ ಕಂಪನಿ. ನ್ಯೂಯಾರ್ಕಿನಲ್ಲಿ ಕುಳಿತು ಎಲ್ಲಕ್ಕೂ ಅಂತಿಮ ಒಪ್ಪಿಗೆ ಕೊಡುವ ಸಲಹಾ ಎಂಜಿನಿಯರ್ ಥಿಯೋಡರ್ ಕೂಪರ್. ಆ ಕಾಲಕ್ಕೆ ಅಮೆರಿಕದಲ್ಲಿ ಸೇತುವೆ ಎಂದರೆ ಕೂಪರ್ ಎನ್ನುವಷ್ಟು ದೊಡ್ಡ ಹೆಸರು ಆತನದು. ರೈಲು ಎಂಜಿನ್ನಿನ ಭಾರವನ್ನು ಲೆಕ್ಕಕ್ಕೆ ಹಿಡಿಯಲು ಅವನು ರೂಪಿಸಿದ ಪದ್ಧತಿ ಇಂದಿಗೂ ಆ ದೇಶದಲ್ಲಿ ಅವನ ಹೆಸರಿನಲ್ಲಿಯೇ ನಡೆಯುತ್ತಿದೆ.

ಸೇತುವೆಯ ಮಾದರಿ ಕ್ಯಾಂಟಿಲಿವರ್. ನಮ್ಮ ಮನೆಗಳ ಗೋಡೆಯಿಂದ ಕಿಟಕಿಯ ಮೇಲೆ ಸಜ್ಜ ಚಾಚಿಕೊಂಡಿರುತ್ತದಲ್ಲ, ಹಾಗೆ ಎರಡು ಕಂಬಗಳಿಂದ ನದಿಯ ನಡುವಿಗೆ ಎರಡು ದೈತ್ಯ ತೋಳುಗಳು ಚಾಚಿ ಬರುತ್ತವೆ; ಅವುಗಳ ತುದಿಗಳ ನಡುವೆ ಚಿಕ್ಕದೊಂದು ಸೇತುವೆಯನ್ನು ತೂಗುಹಾಕುತ್ತಾರೆ. ಮೊದಲ ಯೋಜನೆಯಲ್ಲಿ ಕಂಬದಿಂದ ಕಂಬಕ್ಕೆ 1600 ಅಡಿ. 1900ರಲ್ಲಿ ಕೂಪರ್ ಅದನ್ನು 1800 ಅಡಿಗೆ ಹೆಚ್ಚಿಸಲು ಸೂಚಿಸಿದ. ಕಂಬಗಳು ದಡದತ್ತ ಸರಿದರೆ ಆಳದ ನೀರಿನಲ್ಲಿ ಅಡಿಪಾಯ ಹಾಕುವ ಕಷ್ಟ ತಪ್ಪುತ್ತದೆ, ಹಿಮಗಡ್ಡೆಗಳ ಹೊಡೆತವೂ ಕಡಿಮೆ, ಕೆಲಸವೂ ಬೇಗ ಎಂಬುದು ಅವನ ವಾದ. ವಾದ ಸರಿಯಾದದ್ದೇ. ಜೊತೆಗೆ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ 1710 ಅಡಿಯ ದಾಖಲೆಯೂ ಮುರಿಯುತ್ತಿತ್ತು. ಬಾಳಿನ ಕೊನೆಯ ದೊಡ್ಡ ಕೆಲಸಕ್ಕೆ ಕೈಹಾಕಿದ್ದ ಎಂಜಿನಿಯರನಿಗೆ ಅದು ಅಪ್ರಿಯವಾಗಿದ್ದಿರಲಾರದು.

ಇಲ್ಲಿ ಓದುಗರು ಸ್ವಲ್ಪ ನಿಧಾನಿಸಬೇಕು. ಇಂಥ ಸೇತುವೆ ಹೊರುವ ಭಾರದಲ್ಲಿ ರೈಲಿನದು ಒಂದು ಪಾಲು. ಬಹುಪಾಲು ಅದು ತನ್ನನ್ನು ತಾನೇ ಹೊತ್ತುಕೊಳ್ಳುವ ಭಾರ. ತೋಳು ಉದ್ದವಾದರೆ ತೂಕ ಹೆಚ್ಚುತ್ತದೆ. ಆ ತೂಕವನ್ನು ತಡೆಯಲು ತೊಲೆಗಳನ್ನು ದಪ್ಪಗೊಳಿಸಬೇಕು. ದಪ್ಪಗೊಳಿಸಿದಾಗ ತೂಕ ಮತ್ತೂ ಹೆಚ್ಚುತ್ತದೆ. ಆದ್ದರಿಂದ ಮೊದಲು ತೂಕವನ್ನು ಊಹಿಸಿ, ನಕ್ಷೆ ಬರೆದು, ಆ ನಕ್ಷೆಯಿಂದ ನಿಜವಾದ ತೂಕವನ್ನು ಲೆಕ್ಕಹಾಕಿ, ಎರಡೂ ತಾಳೆಯಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. 1600 ಎಂಬುದನ್ನು ಹೊಡೆದುಹಾಕಿ 1800 ಎಂದು ಬರೆದ ಕೂಡಲೇ ಆ ಹಿಂದಿನ ತೂಕದ ಪಟ್ಟಿ ಹಳತಾಯಿತು. ಅದನ್ನು ಹೊಸದಾಗಿ ಮಾಡಬೇಕಾಗಿತ್ತು.

ಯಾರೂ ಮಾಡಲಿಲ್ಲ. 1900ರಿಂದ ಮೂರು ವರ್ಷ ಕಂಪನಿಯ ಬಳಿ ಹಣವಿರಲಿಲ್ಲ. ಹಣ ಬಂದೀತೆಂಬ ಖಾತರಿಯಿಲ್ಲದೆ ಫೀನಿಕ್ಸ್‌ನವರು ದುಬಾರಿಯಾದ ಲೆಕ್ಕಾಚಾರಕ್ಕೆ ಇಳಿಯಲಿಲ್ಲ. 1903ರಲ್ಲಿ ಕೆನಡಾ ಸರ್ಕಾರ ಸಾಲಕ್ಕೆ ಜಾಮೀನು ನಿಂತಿತು. ಮೂರು ವರ್ಷ ನಿದ್ರಿಸಿದ್ದ ಕೆಲಸಕ್ಕೆ ಒಮ್ಮೆಲೇ ಅವಸರ ಬಂತು. ನಕ್ಷೆಗಳು ಬೇಕು, ಉಕ್ಕು ಬೇಕು. ಫೀನಿಕ್ಸ್ ಕಂಪನಿಯ ವಿನ್ಯಾಸ ಎಂಜಿನಿಯರ್ ಪೀಟರ್ ಶ್ಲಾಪ್ಕಾ ಹೊಸ ಉದ್ದಕ್ಕೆ ಹಳೆಯ ತೂಕವನ್ನೇ ಆಧಾರವಾಗಿಟ್ಟುಕೊಂಡು ಮುಂದುವರಿದ. ನಕ್ಷೆಗಳು ನ್ಯೂಯಾರ್ಕಿಗೆ ಬಂದವು. ಕೂಪರ್ ಸಹಿ ಹಾಕಿದ. ಅವನು ಲೆಕ್ಕ ಮಾಡಿರುತ್ತಾನೆ ಎಂದು ಇವನು, ಇವನು ನೋಡಿರುತ್ತಾನೆ ಎಂದು ಅವನು. ನಮ್ಮ ಸರ್ಕಾರಿ ಕಡತಗಳಲ್ಲಿ ಐದು ಜನ ಸಹಿ ಮಾಡಿದ ಕಾಗದವನ್ನು ಒಬ್ಬರೂ ಓದಿರುವುದಿಲ್ಲ ಎಂಬ ಮಾತು ಇಲ್ಲಿ ಜ್ಞಾಪಕಕ್ಕೆ ಬರುತ್ತದೆ.

ಅದೇ ವರ್ಷ ಕೆನಡಾ ಸರ್ಕಾರದ ಎಂಜಿನಿಯರುಗಳು ಈ ನಕ್ಷೆಗಳನ್ನು ಸ್ವತಂತ್ರವಾಗಿ ಪರಿಶೀಲಿಸಬೇಕೆಂದರು. ಕೂಪರನಿಗೆ ಅದು ಅವಮಾನವೆನಿಸಿತು. ಒಟ್ಟಾವಾಕ್ಕೆ ಹೋಗಿ ತನ್ನ ಮಾತೇ ಅಂತಿಮವೆಂದು ಒಪ್ಪಿಸಿಕೊಂಡು ಬಂದ. ಆಗಲೇ ಅವನಿಗೆ ಅರವತ್ತು ದಾಟಿತ್ತು, ಆರೋಗ್ಯ ಕೆಟ್ಟಿತ್ತು, ಕೈಕೆಳಗೆ ದೊಡ್ಡ ಕಚೇರಿಯಿರಲಿಲ್ಲ. ಉಕ್ಕಿನ ತೋಳುಗಳು ನದಿಯ ಮೇಲೆ ಚಾಚತೊಡಗಿದ ನಂತರ ಅವನು ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ.

1906ರಲ್ಲಿ ಉಕ್ಕನ್ನು ಪರೀಕ್ಷಿಸುತ್ತಿದ್ದ ಅಧಿಕಾರಿಯೊಬ್ಬನಿಂದ ವರದಿ ಬಂತು: ಸೇತುವೆಗೆ ಹೋಗುತ್ತಿರುವ ಉಕ್ಕಿನ ತೂಕ ಅಂದಾಜನ್ನು ಬಹಳ ಮೀರಿದೆ. 6 ಕೋಟಿ 20 ಲಕ್ಷ ಪೌಂಡ್ ಎಂದುಕೊಂಡದ್ದು 7 ಕೋಟಿ 30 ಲಕ್ಷಕ್ಕೆ ಹೋಗುವಂತಿತ್ತು. ತಿದ್ದದೆ ಉಳಿದ ಪ್ರತಿ ಕೊನೆಗೂ ಬೆಳಕಿಗೆ ಬಂದಿತ್ತು. ಆದರೆ ಆ ವೇಳೆಗೆ ದಕ್ಷಿಣ ತೋಳಿನ ಬಹುಭಾಗ ತಯಾರಾಗಿತ್ತು, ಕೆಲವು ಭಾಗ ಕಟ್ಟಿಯೂ ಆಗಿತ್ತು. ಕೂಪರ್ ಲೆಕ್ಕಹಾಕಿ, ಉಕ್ಕಿನ ಮೇಲಿನ ಒತ್ತಡ ನೂರಕ್ಕೆ ಏಳರಿಂದ ಹತ್ತರಷ್ಟು ಮಾತ್ರ ಹೆಚ್ಚುತ್ತದೆ, ತಾಳಿಕೊಳ್ಳಬಹುದು ಎಂದು ತೀರ್ಮಾನಿಸಿದ. ಈ ಒತ್ತಡದ ಮಿತಿಯನ್ನು ಅವನು ಮೊದಲೇ ಆ ಕಾಲದ ವಾಡಿಕೆಗಿಂತ ಹೆಚ್ಚಾಗಿ ಇಟ್ಟಿದ್ದ. ಬೇರೆ ದಾರಿಯೆಂದರೆ ಕಟ್ಟಿದ್ದನ್ನು ಬಿಚ್ಚುವುದು. 'ಅಟ್ಟ ಮೇಲೆ ಒಲೆ ಉರಿಯಿತು' ಎನ್ನುತ್ತಾರಲ್ಲ, ಹಾಗಾಯಿತು.

1907ರ ಆಗಸ್ಟ್. ನದಿಯ ಮೇಲೆ ಕೂಪರನ ಪ್ರತಿನಿಧಿಯಾಗಿದ್ದವನು ನಾರ್ಮನ್ ಮ್ಯಾಕ್ಲೂರ್, ಕಾಲೇಜು ಮುಗಿಸಿ ಕೆಲವೇ ವರ್ಷಗಳಾಗಿದ್ದ ಯುವಕ. ಕೆಳಭಾಗದ ತೊಲೆಗಳು ಬಾಗುತ್ತಿವೆಯೆಂದು ಅವನು ತಿಂಗಳ ಮೊದಲ ವಾರದಲ್ಲಿಯೇ ಬರೆದ. ಇದು ಹೇಗಾಯಿತು ಎಂದು ಕೂಪರ್ ತಂತಿ ಕೊಟ್ಟು ಕೇಳಿದ. ತೊಲೆಗಳು ಕಾರ್ಖಾನೆಯಿಂದ ಹೊರಡುವಾಗಲೇ ಬಾಗಿದ್ದವು ಎಂದು ಫೀನಿಕ್ಸ್‌ವಿಲ್‌ನವರ ವಾದ. ಅಲ್ಲ, ಕಟ್ಟಿದ ಮೇಲೆ ಬಾಗಿದವು ಎಂದು ಮ್ಯಾಕ್ಲೂರ್. ಎಲ್ಲರ ಬಳಿಯೂ ಕಾಗದಗಳಿದ್ದವು. ಕಾಗದಗಳು ಒಂದನ್ನೊಂದು ಒಪ್ಪುತ್ತಿರಲಿಲ್ಲ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಮೂರು ವಾರ ಪತ್ರವ್ಯವಹಾರದಲ್ಲಿಯೇ ಕಳೆಯಿತು, ಕಟ್ಟಡವೂ ಬೆಳೆಯುತ್ತ ಹೋಯಿತು. ಆಗಸ್ಟ್ 27ರಂದು ಅಳೆದು ನೋಡಿದಾಗ, ಸುಮಾರು ಒಂದು ವಾರದ ಹಿಂದೆ ಮುಕ್ಕಾಲು ಅಂಗುಲವಿದ್ದ ಬಾಗು ಎರಡೂಕಾಲು ಅಂಗುಲವಾಗಿತ್ತು. ಕಾರ್ಖಾನೆಯಲ್ಲಿ ಬಾಗಿದ ತೊಲೆ ನದಿಯ ಮೇಲೆ ವಾರಕ್ಕೊಮ್ಮೆ ಬೆಳೆಯುವುದಿಲ್ಲ!

ಮ್ಯಾಕ್ಲೂರ್ ರೈಲು ಹತ್ತಿ ನ್ಯೂಯಾರ್ಕಿಗೆ ಹೋದ. 29ರ ಬೆಳಿಗ್ಗೆ ಕೂಪರನನ್ನು ಕಂಡು ವಿವರಿಸಿದ. ಕೂಪರನಿಗೆ ಪರಿಸ್ಥಿತಿ ಅರ್ಥವಾಯಿತು. ಮಧ್ಯಾಹ್ನ ಹನ್ನೆರಡು ದಾಟುತ್ತಿದ್ದಂತೆ ತಂತಿ ಕಳಿಸಿದ: ಎಲ್ಲವನ್ನೂ ಪರಿಶೀಲಿಸುವವರೆಗೆ ಸೇತುವೆಯ ಮೇಲೆ ಇನ್ನು ಭಾರ ಹಾಕಕೂಡದು. ತಂತಿ ಹೋದದ್ದು ಕ್ವಿಬೆಕ್‌ಗಲ್ಲ, ಫೀನಿಕ್ಸ್‌ವಿಲ್‌ಗೆ. ಕ್ವಿಬೆಕ್‌ಗೆ ತಾನೇ ತಿಳಿಸುವೆನೆಂದಿದ್ದ ಮ್ಯಾಕ್ಲೂರ್ ತಿಳಿಸಲಿಲ್ಲ. ಅವನೂ ಸಂಜೆಯ ಹೊತ್ತಿಗೆ ಫೀನಿಕ್ಸ್‌ವಿಲ್ ತಲುಪಿದ. ನಾಳೆ ಬೆಳಿಗ್ಗೆ ಕೂತು ಮಾತಾಡೋಣ ಎಂದಾಯಿತು.

ಅದೇ ಸಂಜೆ ಐದೂವರೆಯ ಸುಮಾರಿಗೆ, ದಿನದ ಕೆಲಸ ಮುಗಿಯುವ ಹೊತ್ತಿನಲ್ಲಿ, ದಕ್ಷಿಣದ ತೋಳು ಪೂರ್ತಿಯಾಗಿ ಕುಸಿದು ನದಿಗೆ ಬಿತ್ತು. ಸುಮಾರು 19,000 ಟನ್ ಉಕ್ಕು; ಹದಿನೈದು ಸೆಕೆಂಡು. ಮೇಲಿದ್ದ 86 ಜನರಲ್ಲಿ 75 ಮಂದಿ ಸತ್ತರು. ಅವರಲ್ಲಿ 33 ಜನ ಮಾಂಟ್ರಿಯಲ್ ಬಳಿಯ ಕಾನಾವಾಕೆ ಎಂಬ ಮೋಹಾಕ್ ಮೂಲನಿವಾಸಿಗಳ ಹಳ್ಳಿಯವರು, ಎತ್ತರದ ಉಕ್ಕಿನ ಕೆಲಸದಲ್ಲಿ ಹೆಸರಾದವರು. ಒಂದೇ ಹಳ್ಳಿಯ ಮೂವತ್ತಮೂರು ಮನೆಗಂಡಸರು! ಅಲ್ಲಿನ ಸ್ಮಶಾನದಲ್ಲಿ ಉಕ್ಕಿನ ತೊಲೆಯಿಂದ ಮಾಡಿದ ಶಿಲುಬೆಗಳಿವೆ. ತೂಕದ ಪಟ್ಟಿಯ ವಿಷಯ ಆ ಜನರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಸರ್ಕಾರ ನೇಮಿಸಿದ ಆಯೋಗ 1908ರಲ್ಲಿ ವರದಿ ಕೊಟ್ಟಿತು. ನ್ಯಾಯವಾಗಿ ಹೇಳಬೇಕೆಂದರೆ, ಸೇತುವೆಯನ್ನು ಕೆಡವಿದ್ದು ತೂಕದ ತಪ್ಪೊಂದೇ ಅಲ್ಲ. ಕೆಳತೊಲೆಗಳನ್ನು ಹಲವು ಪದರಗಳಾಗಿ ಮಾಡಿ, ಅವನ್ನು ಉಕ್ಕಿನ ಪಟ್ಟಿಗಳ ಜಾಲರಿಯಿಂದ ಕಟ್ಟಿದ್ದರು. ಆ ಜಾಲರಿ ದುರ್ಬಲವಾಗಿತ್ತು, ಮೊದಲು ಸೋತದ್ದು ಅದೇ. ಆದರೆ ಆಯೋಗ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಬರೆಯಿತು: ತೊಲೆಗಳು ಗಟ್ಟಿಯಾಗಿದ್ದರೂ, ತೂಕವನ್ನು ಕಡಿಮೆ ಹಿಡಿದು ಆಮೇಲೆ ತಿದ್ದದೆ ಬಿಟ್ಟ ತಪ್ಪೊಂದೇ ಆ ಸೇತುವೆಯನ್ನು ನಿರಾಕರಿಸಲು ಸಾಕಾಗಿತ್ತು. ಅನಂತರ ಹೊಸ ವಿನ್ಯಾಸದಲ್ಲಿ ಮತ್ತೆ ಕಟ್ಟಿದರು. 1916ರಲ್ಲಿ ನಡುವಿನ ಭಾಗವನ್ನು ಮೇಲೆತ್ತುವಾಗ ಅದು ಜಾರಿ ಬಿದ್ದು ಇನ್ನೂ 13 ಜನ ಸತ್ತರು. 1917ರಲ್ಲಿ ಕೆಲಸ ಮುಗಿಯಿತು. ಅದೇ 1800 ಅಡಿಯ ಸೇತುವೆ ಇಂದಿಗೂ ನಿಂತಿದೆ, ಕ್ಯಾಂಟಿಲಿವರ್ ಸೇತುವೆಗಳಲ್ಲಿ ಲೋಕಕ್ಕೇ ಉದ್ದದ್ದಾಗಿ.

ಹಳೆಗನ್ನಡ ಓದಿದವರಿಗೆ ಇದೆಲ್ಲ ಬೇರೊಂದು ರೂಪದಲ್ಲಿ ಪರಿಚಿತ. ಓಲೆಗರಿಯ ಒಂದು ಕಾವ್ಯವನ್ನು ಹತ್ತು ಊರುಗಳ ಹತ್ತು ಲಿಪಿಕಾರರು ಪ್ರತಿಮಾಡಿಕೊಂಡರೆ ಪಾಠಾಂತರಗಳು ಹುಟ್ಟದೆ ಇರುವುದಿಲ್ಲ. ಒಂದು ಪ್ರತಿಯಲ್ಲಿ ತಿದ್ದಿದ್ದು ಇನ್ನೊಂದಕ್ಕೆ ತಲುಪುವುದಿಲ್ಲ. ಶತಮಾನಗಳ ಮೇಲೆ ಸಂಪಾದಕರು ಬಂದು, ಎಲ್ಲವನ್ನೂ ಮುಂದಿಟ್ಟುಕೊಂಡು, ಶುದ್ಧಪಾಠ ಯಾವುದೆಂದು ಚರ್ಚಿಸುತ್ತಾರೆ. ಎಂಜಿನಿಯರನ ನೀಲನಕ್ಷೆಯೂ ಓಲೆಗರಿಯಂಥದೇ: ಮೂಲವನ್ನು ಪಾರದರ್ಶಕ ಬಟ್ಟೆಯ ಮೇಲೆ ಬರೆದು, ಅದರಿಂದ ನೀಲಿ ಪ್ರತಿಗಳನ್ನು ತೆಗೆದು ಕಾರ್ಖಾನೆಗೊಂದು, ಕಟ್ಟುವ ಜಾಗಕ್ಕೊಂದು ಕಳಿಸುತ್ತಿದ್ದರು. ಕಳಿಸಿದ ಮೇಲೆ ಮೂಲದಲ್ಲಿ ಗೀಟೊಂದನ್ನು ಅಳಿಸಿದರೆ ನೀಲಿ ಪ್ರತಿಯಲ್ಲಿ ಅದು ತಾನಾಗಿ ಅಳಿಯುವುದಿಲ್ಲ. ಇಲ್ಲಿ ಮಾತ್ರ ಸಂಪಾದಕರು ಬರುವವರೆಗೆ ಕಾಯುವಷ್ಟು ಸಮಯ ಇರುವುದಿಲ್ಲ.

ನಕ್ಷೆಯ ಮೂಲೆಯಲ್ಲಿ ಚಿಕ್ಕದೊಂದು ಕೋಷ್ಟಕ ಹಾಕಿ, ಎಷ್ಟನೆಯ ತಿದ್ದುಪಡಿ, ಯಾವ ದಿನಾಂಕ, ಯಾರ ಸಹಿ ಎಂದು ಬರೆಯುವುದು, ಹೊಸದು ಬಂದಾಗ ಹಳೆಯದನ್ನು ಹಿಂದಕ್ಕೆ ಪಡೆದು ರದ್ದೆಂದು ಮುದ್ರೆಯೊತ್ತುವುದು, ಇವೆಲ್ಲ ಎಂಜಿನಿಯರುಗಳು ಕಂಡುಕೊಂಡ ಉಪಾಯಗಳು. ಅಮೆರಿಕದ ಕ್ಷಿಪಣಿ ಕಾರ್ಯಕ್ರಮಗಳು ಇದನ್ನೊಂದು ಶಿಸ್ತಾಗಿ ಬೆಳೆಸಿದವು. ಮಿನಿಟ್‌ಮನ್ ಕ್ಷಿಪಣಿಯನ್ನು ನಡೆಸಿದ್ದ ಸೇನಾಧಿಕಾರಿ ಸ್ಯಾಮ್ಯುಯೆಲ್ ಫಿಲಿಪ್ಸ್ 1964ರಲ್ಲಿ ಚಂದ್ರಯಾನದ ಅಪೊಲೊ ಕಾರ್ಯಕ್ರಮಕ್ಕೆ ಬಂದಾಗ ಈ ಪದ್ಧತಿಯನ್ನೂ ತಂದ. ಯಾರೂ ತಮ್ಮಷ್ಟಕ್ಕೆ ತಾವು ನಕ್ಷೆ ತಿದ್ದುವಂತಿಲ್ಲ. ಬದಲಾವಣೆ ಬೇಕಾದವನು ಮಂಡಳಿಯೊಂದರ ಮುಂದೆ ಅರ್ಜಿ ಹಾಕಬೇಕು. ಆ ಬದಲಾವಣೆ ಮುಟ್ಟುವ ಪ್ರತಿಯೊಂದು ವಿಭಾಗದವರೂ ಇದರಿಂದ ನಮ್ಮ ತೂಕ ಇಷ್ಟು ಹೆಚ್ಚುತ್ತದೆ, ನಮ್ಮ ಖರ್ಚು ಇಷ್ಟಾಗುತ್ತದೆ ಎಂದು ಹೇಳಬೇಕು. ಒಪ್ಪಿದರೆ ಎಲ್ಲರ ಕಾಗದವೂ ಒಂದೇ ಸಲ ಬದಲಾಗಬೇಕು. ಎಂಜಿನಿಯರುಗಳು ಗೊಣಗಿದರಂತೆ. ಗೊಣಗದೆ ಏನು ಮಾಡಿಯಾರು, ಒಂದು ಬೋಲ್ಟು ಬದಲಿಸಲೂ ಸಭೆ! ಆದರೆ 1600ನ್ನು 1800 ಮಾಡುವ ದಿನ ಇಂಥ ಸಭೆಯೊಂದು ನಡೆದಿದ್ದರೆ, ತೂಕದ ಪಟ್ಟಿ ಯಾರ ಬಳಿಯಿದೆ ಎಂದು ಯಾರಾದರೊಬ್ಬರು ಕೇಳುತ್ತಿದ್ದರು.

ಕಾಗದ ಹೋಗಿ ಕಂಪ್ಯೂಟರ್ ಬಂದ ಮೇಲೆ ಈ ತೊಡಕೆಲ್ಲ ತೀರಿತೆಂದು ನಾನು ತಿಳಿದಿದ್ದೆ. ಏರ್‌ಬಸ್ ಎ380ರ ಕಥೆಯನ್ನು ಹೇಳಿ ನನ್ನ ತಿಳಿವಳಿಕೆಯನ್ನು ತಿದ್ದಿದವನು ಶಿಷ್ಯನೇ. ಎರಡಂತಸ್ತಿನ ಆ ಮಹಾವಿಮಾನದ ರೆಕ್ಕೆ ಬ್ರಿಟನ್ನಿನದು, ಬಾಲದ ಭಾಗ ಸ್ಪೇನಿನದು, ಒಡಲಿನ ಮುಂದಿನ ಹಾಗೂ ಹಿಂದಿನ ಭಾಗಗಳಿಗೆ ವಿದ್ಯುತ್ ತಂತಿ ಜೋಡಿಸುವುದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಎಲ್ಲವೂ ಒಂದುಗೂಡುವುದು ಫ್ರಾನ್ಸಿನ ತುಲೂಸ್‌ನಲ್ಲಿ. ಒಂದು ವಿಮಾನದೊಳಗೆ ಸುಮಾರು ಒಂದು ಲಕ್ಷ ತಂತಿಗಳು. ಒಟ್ಟು ಉದ್ದ ಸುಮಾರು 530 ಕಿಲೋಮೀಟರ್. ಬೆಂಗಳೂರಿನಿಂದ ಬೆಳಗಾವಿಯವರೆಗೆ ಎಳೆದರೂ ಸ್ವಲ್ಪ ಮಿಗುವಷ್ಟು! ತುಲೂಸ್‌ನಲ್ಲಿ ಭಾಗಗಳನ್ನು ಜೋಡಿಸಹೊರಟಾಗ ಹ್ಯಾಂಬರ್ಗಿನಿಂದ ಬಂದ ತಂತಿಯ ಕಟ್ಟುಗಳು ತಮ್ಮ ಜಾಗಕ್ಕೆ ಎಟುಕಲಿಲ್ಲ.

ಜರ್ಮನಿ ಮತ್ತು ಸ್ಪೇನಿನವರು ಕ್ಯಾಟಿಯಾ ಎಂಬ ವಿನ್ಯಾಸ ತಂತ್ರಾಂಶದ ನಾಲ್ಕನೆಯ ಆವೃತ್ತಿಯಲ್ಲಿಯೂ, ಫ್ರಾನ್ಸ್ ಮತ್ತು ಬ್ರಿಟನ್ನಿನವರು ಐದನೆಯ ಆವೃತ್ತಿಯಲ್ಲಿಯೂ ಕೆಲಸ ಮಾಡುತ್ತಿದ್ದರು. ಹೆಸರು ಒಂದೇ ಆದರೂ ಐದನೆಯದು ನಾಲ್ಕರ ತಿದ್ದುಪಡಿಯಲ್ಲ, ಬುಡದಿಂದ ಹೊಸದಾಗಿ ಬರೆದದ್ದು. ಒಂದರ ಕಡತವನ್ನು ಇನ್ನೊಂದಕ್ಕೆ ಸಾಗಿಸುವಾಗ ಎಲ್ಲ ವಿವರಗಳೂ ದಾಟಿ ಬರುತ್ತಿರಲಿಲ್ಲ. ಒಡಲಿನ ಚೌಕಟ್ಟಿನಲ್ಲಿ ಒಂದೆಡೆ ಆದ ಬದಲಾವಣೆ ತಂತಿ ಎಳೆಯುವವನ ಪರದೆಯ ಮೇಲೆ ಮೂಡಬೇಕಾದ ಹಾಗೆ ಮೂಡುತ್ತಿರಲಿಲ್ಲ. ದಪ್ಪನೆಯ ತಂತಿಯ ಕಟ್ಟು ಪ್ರತಿ ತಿರುವಿನಲ್ಲಿಯೂ ಇಷ್ಟಿಷ್ಟು ಉದ್ದವನ್ನು ನುಂಗುತ್ತದೆ. ಆ ಲೆಕ್ಕ ತಪ್ಪಿದರೆ ತುದಿಯಲ್ಲಿ ಕೆಲವು ಅಂಗುಲ ಸಾಲದೆ ಬರುತ್ತದೆ. ಹ್ಯಾಂಬರ್ಗಿನಿಂದ ನೂರಾರು ಕೆಲಸಗಾರರು ತುಲೂಸ್‌ಗೆ ಬಂದು, ಬಿಚ್ಚಿ, ಕೈಯಿಂದಲೇ ಮತ್ತೆ ಎಳೆದರು. ವಿಮಾನ ಸುಮಾರು ಎರಡು ವರ್ಷ ತಡವಾಯಿತು. 2006ರ ಅಕ್ಟೋಬರ್‌ನಲ್ಲಿ, ಇದರಿಂದ ಮುಂದಿನ ಕೆಲವು ವರ್ಷಗಳಲ್ಲಿ ಲಾಭಕ್ಕೆ ಆಗುವ ಖೋತಾ 480 ಕೋಟಿ ಯೂರೋ ಎಂದು ಮಾತೃಸಂಸ್ಥೆ ಲೆಕ್ಕ ಕೊಟ್ಟಿತು. 2007ರ ಅಕ್ಟೋಬರ್ 15ರಂದು ಮೊದಲ ವಿಮಾನ ಸಿಂಗಪುರದ ಕಂಪನಿಗೆ ಸಂದಿತು. 251 ವಿಮಾನಗಳನ್ನು ಗ್ರಾಹಕರಿಗೆ ಒಪ್ಪಿಸಿ, 2021ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ಅದಕ್ಕೆ ಕಾರಣಗಳು ಬೇರೆ.

ಜೀವಹಾನಿಯಾಗಲಿಲ್ಲ ಎಂಬುದು ದೊಡ್ಡ ಸಮಾಧಾನ. ಎಟುಕದ ತಂತಿ ಜೋಡಣೆಯ ಶೆಡ್ಡಿನಲ್ಲಿಯೇ ತಾನು ಎಟುಕುವುದಿಲ್ಲವೆಂದು ಹೇಳಿಬಿಡುತ್ತದೆ. ಹಗುರವೆಂದುಕೊಂಡ ತೊಲೆ ಹಾಗೆ ಹೇಳುವುದಿಲ್ಲ.

"ಈಗ ನಿಮ್ಮಲ್ಲಿ ಹೇಗೆ?" ಎಂದು ಶಿಷ್ಯನನ್ನು ಕೇಳಿದ್ದೆ. ಈಗ ಎಲ್ಲ ದೇಶದವರೂ ಒಂದೇ ಭಂಡಾರದಿಂದ ನಕ್ಷೆಯನ್ನು ತೆರೆಯುತ್ತಾರಂತೆ. ಒಬ್ಬ ತಿದ್ದುತ್ತಿರುವಾಗ ಇನ್ನೊಬ್ಬ ಕೈಹಾಕದಂತೆ ಬೀಗ ಬೀಳುತ್ತದಂತೆ. ಕಾಗದದ ಮೇಲೆ ಮುದ್ರಿಸಿಕೊಂಡರೆ ಅದರ ಅಡಿಯಲ್ಲಿ, ಮುದ್ರಿತ ಪ್ರತಿ ಅಧಿಕೃತವಲ್ಲ, ಬಳಸುವ ಮುನ್ನ ಮೂಲವನ್ನು ನೋಡತಕ್ಕದ್ದು ಎಂಬ ಸಾಲು ತಾನಾಗಿಯೇ ಬೀಳುತ್ತದಂತೆ.

"ಹಾಗಾದರೆ ಯಾರೂ ಕಾಗದದ ಪ್ರತಿ ಇಟ್ಟುಕೊಳ್ಳುವುದಿಲ್ಲವೇ?" ಎಂದೆ.

"ಇಟ್ಟುಕೊಳ್ಳದೆ ಏನು ಸಾರ್? ನನ್ನ ಮೇಜಿನ ಡ್ರಾಯರಿನಲ್ಲೇ ಎರಡು ಕಟ್ಟು ಇವೆ" ಎಂದು ಹೇಳಿ, ಹೆಂಡತಿಯ ಕಡೆ ನೋಡಿ, ಮತ್ತೊಮ್ಮೆ ನಕ್ಕ. ಈ ಸಲ ನಾನೂ ನಕ್ಕೆ.